ಚಾಳೀಸಿನ ಕಣ್ಣು, ಕೋವಿಯ ಗುರಿ

13ನೆಯ ಶತಮಾನದ ಇಂಗ್ಲೆಂಡಿನಲ್ಲಿ ರೋಜರ್ ಬೇಕನ್ ಎಂಬ ಸಂನ್ಯಾಸಿಯೊಬ್ಬನಿದ್ದ. 1267ರ ಸುಮಾರಿನಲ್ಲಿ ಆತ ಪೋಪ್ ನಾಲ್ಕನೆಯ ಕ್ಲೆಮೆಂಟನಿಗೆಂದು 'ಓಪುಸ್ ಮಾಯುಸ್' ಎಂಬ ದೊಡ್ಡದೊಂದು ಲ್ಯಾಟಿನ್ ಗ್ರಂಥವನ್ನು ಬರೆದು ಕಳುಹಿಸಿದ. ಆ ಗ್ರಂಥದ ಒಂದು ಕಡೆ, ಗಾಜಿನ ಗೋಳದಿಂದ ತೆಗೆದ ಒಂದು ತುಂಡನ್ನು ಅಕ್ಷರಗಳ ಮೇಲಿಟ್ಟು ನೋಡಿದರೆ ಅವು ದೊಡ್ಡವಾಗಿ ಕಾಣುತ್ತವೆಂದೂ, ಮುದುಕರಿಗೂ ಕಣ್ಣು ಮಂದವಾದವರಿಗೂ ಇದು ಬಹಳ ಉಪಕಾರಿಯೆಂದೂ ಹೇಳಿದ್ದಾನೆ. ಅದೇ ಗ್ರಂಥದ ಇನ್ನೊಂದು ಕಡೆ, ಹೆಬ್ಬೆರಳಿನಷ್ಟು ಗಾತ್ರದ ಸುರುಳಿಯೊಳಗೆ ಪೆಟ್ಲುಪ್ಪಿನ ಮದ್ದು ತುಂಬಿ ಸಿಡಿಸುವ ಮಕ್ಕಳ ಆಟದ ಮಾತು ಬರುತ್ತದೆ. ಯುರೋಪಿನ ಬರಹಗಳಲ್ಲಿ ಸಿಡಿಮದ್ದಿನ ಪ್ರಸ್ತಾಪ ಸಿಗುವ ಅತಿ ಹಳೆಯ ಜಾಗಗಳಲ್ಲಿ ಇದೂ ಒಂದು. ಆಗ ಕನ್ನಡಕವೂ ಹುಟ್ಟಿರಲಿಲ್ಲ, ಅಲ್ಲಿ ಕೋವಿಯೂ ಹುಟ್ಟಿರಲಿಲ್ಲ. ಆದರೆ ಎರಡರ ಬೀಜವೂ ಒಂದೇ ಪುಸ್ತಕದ ಹೊಟ್ಟೆಯಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದವು.

ಮುಂದೆ ಅವೆರಡೂ ತಮ್ಮ ತಮ್ಮ ದಾರಿ ಹಿಡಿದು ಬೆಳೆದವು. ಕನ್ನಡಕ 1286ರ ಆಸುಪಾಸಿನಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡಿತು. 1306ರಲ್ಲಿ ಜೋರ್ದಾನೊ ಎಂಬ ಧರ್ಮೋಪದೇಶಕನು, ಈ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವೂ ಆಗಿಲ್ಲವೆಂದು ತನ್ನ ಪ್ರವಚನದಲ್ಲಿ ಹೇಳಿದ. ಕೋವಿಯು 14ನೆಯ ಶತಮಾನದಲ್ಲಿ ಒಂದು ಒರಟು ನಳಿಗೆಯಾಗಿ ಸೈನಿಕನ ಕೈಗೆ ಬಂತು. ಒಂದು ಓದುವವನ ಮೂಗಿನ ಮೇಲೆ ಕುಳಿತರೆ, ಇನ್ನೊಂದು ಕಾದುವವನ ಹೆಗಲಿಗೇರಿತು. ಇವೆರಡೂ ಮತ್ತೆ ಸಂಧಿಸಲು ಐದಾರು ಶತಮಾನಗಳೇ ಬೇಕಾದವು. ಕೋವಿ ಹಿಡಿದು ಗುರಿಯಿಡುವವನಿಗೂ ಒಂದು ದಿನ ಮುಪ್ಪು ಬರುತ್ತದೆ, ಅವನ ಕಣ್ಣಿಗೂ ಗಾಜಿನ ನೆರವು ಬೇಕಾಗುತ್ತದೆ ಎಂಬ ಸರಳ ಸತ್ಯದಿಂದ ಹುಟ್ಟಿದ ಚರಿತ್ರೆ ಅದು. ಅದನ್ನೇ ಇಲ್ಲಿ ಸ್ವಲ್ಪ ವಿಚಾರಿಸೋಣ.

ಈ ಎರಡು ವಸ್ತುಗಳು ನಮ್ಮ ನಾಡಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ವಿಜಯನಗರದ ರಾಜಗುರುಗಳೆನಿಸಿದ್ದ ವ್ಯಾಸರಾಯರ ಜೀವನವನ್ನು ಕುರಿತು ಸೋಮನಾಥ ಕವಿ ಬರೆದ 'ವ್ಯಾಸಯೋಗಿಚರಿತ' ಎಂಬ ಸಂಸ್ಕೃತ ಕೃತಿಯಲ್ಲಿ, ಸ್ವಾಮಿಗಳು ಕನ್ನಡಕದ ಸಹಾಯದಿಂದ ಗ್ರಂಥಾವಲೋಕನ ಮಾಡುತ್ತಿದ್ದುದರ ಸೂಚನೆಯಿದೆ. ಭಾರತದಲ್ಲಿ ಕನ್ನಡಕದ ಇತಿಹಾಸವನ್ನು ಶೋಧಿಸಿದ ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಇದನ್ನು ಎತ್ತಿ ತೋರಿಸಿದರು. ಕಾಲ ಸುಮಾರು 1520. ಆಗ ವ್ಯಾಸರಾಯರಿಗೆ ಅರುವತ್ತರ ಹತ್ತಿರದ ವಯಸ್ಸು. ಅದೇ 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ, ಕ್ರಿಸ್ಟೋವಾವ್ ಡಿ ಫಿಗೈರೇದೊ ಎಂಬವನ ಕೈಕೆಳಗಿನ ಪೋರ್ಚುಗೀಸ್ ಕೋವಿಗಾರರು ಕೋಟೆಯ ಗೋಡೆಯ ಮೇಲೆ ತಲೆ ತೋರಿದವರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದ ಸಂಗತಿಯನ್ನು ನ್ಯೂನಿಜನ ವೃತ್ತಾಂತ ಹೇಳುತ್ತದೆ. ಗುರುಗಳ ಕಣ್ಣಿಗೆ ಗಾಜು, ಅರಸನ ದಂಡಿಗೆ ಕೋವಿ. ಎರಡೂ ಬಂದದ್ದು ಬಹುಶಃ ಗೋವೆಯ ಒಂದೇ ಬಂದರಿನ ದಾರಿಯಿಂದ.

ಮುಪ್ಪಿನ ಕಣ್ಣಿಗೆ ನಮ್ಮ ಜನ ಕೊಟ್ಟಿರುವ ಹೆಸರೂ ಗಮನಿಸತಕ್ಕದ್ದು. 'ಚಾಳೀಸು' ಎಂಬ ಮಾತು ಹಿಂದುಸ್ತಾನಿಯ ನಲವತ್ತರಿಂದ ಬಂದದ್ದು. 'ಅವರಿಗೆ ಚಾಳೀಸು ಬಂತು' ಎಂದರೆ ವಯಸ್ಸೂ ಬಂತು, ಕನ್ನಡಕವೂ ಬಂತು ಎಂದು ಎರಡರ್ಥ. ವೈದ್ಯರು ಅಳತೆ ಮಾಡಿ ಹೇಳುವ ಮೊದಲೇ ಜನಸಾಮಾನ್ಯರು ಈ ಕಣ್ಣಿನ ದೋಷಕ್ಕೆ ಸರಿಯಾದ ವಯಸ್ಸನ್ನು ಗೊತ್ತುಮಾಡಿ ಇಟ್ಟಿದ್ದರು. ನಲವತ್ತು ದಾಟಿದ ಉಪಾಧ್ಯಾಯರಿಗೆ ಇದರ ಅನುಭವ ದಿನವೂ ಆಗುತ್ತದೆ. ಕೈಯಲ್ಲಿರುವ ಪುಸ್ತಕ ಕಂಡರೆ ಕೊನೆಯ ಬೆಂಚಿನ ಹುಡುಗ ಮಸುಕು. ಹುಡುಗ ಕಂಡರೆ ಪುಸ್ತಕ ಮಸುಕು. ಆದರೆ ನಮಗೆ ಒಂದು ಅನುಕೂಲವಿದೆ: ಮೊದಲು ಪುಸ್ತಕ ನೋಡಿ, ಆಮೇಲೆ ಹುಡುಗನನ್ನು ನೋಡಬಹುದು. ಬೆಂಜಮಿನ್ ಫ್ರಾಂಕ್ಲಿನ್ 1780ರ ದಶಕದಲ್ಲಿ ವರ್ಣಿಸಿದ ಎರಡು ತುಂಡಿನ ಕನ್ನಡಕ ಇಂಥವರಿಗಾಗಿಯೇ ಇದೆ. ಕೆಳಗೆ ನೋಡಿದರೆ ಹತ್ತಿರ, ಮೇಲೆ ನೋಡಿದರೆ ದೂರ. ಕೋವಿ ಹಿಡಿದವನಿಗೆ ಈ ಅನುಕೂಲವಿಲ್ಲ. ಅವನು ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ಕ್ಷಣದಲ್ಲಿ, ಒಂದೇ ನೇರದಲ್ಲಿ ನೋಡಬೇಕು.

ಏಕೆಂದು ತಿಳಿಯಬೇಕಾದರೆ ಕೋವಿಯ ಮೇಲಿರುವ ಗುರಿಸಾಧನವನ್ನು ನೋಡಬೇಕು. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಕಬ್ಬಿಣದ ಮೊಳೆ ನಿಂತಿರುತ್ತದೆ. ಹಿಂದುಗಡೆ, ಕಣ್ಣಿನ ಕಡೆಗೆ, ಕಚ್ಚು ಹಾಕಿದ ಒಂದು ಪಟ್ಟಿ. ಕಚ್ಚಿನ ನಡುವೆ ಮೊಳೆಯ ತಲೆ, ಮೊಳೆಯ ತಲೆಯ ಮೇಲೆ ಗುರಿ, ಹೀಗೆ ಮೂರೂ ಒಂದು ಸಾಲಿಗೆ ಬಂದಾಗ ಕುದುರೆಯನ್ನು ಎಳೆಯಬೇಕು. ದ್ರೋಣರು ಶಿಷ್ಯರನ್ನು ಮರದ ಕೆಳಗೆ ನಿಲ್ಲಿಸಿ ಏನು ಕಾಣುತ್ತದೆಂದು ಕೇಳಿದಾಗ, ಅರ್ಜುನನು ಹಕ್ಕಿಯನ್ನಲ್ಲದೆ ಬೇರೇನನ್ನೂ ಕಾಣೆನೆಂದು ಹೇಳಿ ಗೆದ್ದ ಕಥೆಯನ್ನು ನಾವೆಲ್ಲ ಬಲ್ಲೆವು. ಬಿಲ್ಲಿಗೆ ಆ ಪಾಠ ಸರಿ. ಕೋವಿಗೆ ಅದು ಸಾಲದು. ಕೋವಿಯ ಗುರುಗಳು ಹೇಳುವ ಪಾಠ ಹೆಚ್ಚುಕಡಮೆ ಅದಕ್ಕೆ ವಿರುದ್ಧ: ಗುರಿ ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ, ಮುಂದಿನ ಮೊಳೆ ಮಾತ್ರ ಚೊಕ್ಕವಾಗಿ ಕಾಣಬೇಕು. ಮೊಳೆಯ ಸ್ಥಾನದಲ್ಲಿ ಒಂದು ಕೂದಲಿನಷ್ಟು ತಪ್ಪಾದರೆ ಮುನ್ನೂರು ಗಜದ ಆಚೆ ಅದು ಅಂಗುಲಗಳ ತಪ್ಪಾಗುತ್ತದೆ.

ಹಿಂದಿನ ಕಚ್ಚು ಕಣ್ಣಿನಿಂದ ಒಂದೆರಡು ಗೇಣು ದೂರ, ಮುಂದಿನ ಮೊಳೆ ಸುಮಾರು ಒಂದು ಗಜ, ಗುರಿಯೋ ನೂರಾರು ಗಜ. ಒಂದೇ ಕಣ್ಣು ಈ ಮೂರು ದೂರಗಳಿಗೆ ಒಮ್ಮೆಗೇ ಹೊಂದಿಕೊಳ್ಳಲಾರದು. ಎಳೆಯ ಕಣ್ಣೂ ಹೊಂದಿಕೊಳ್ಳಲಾರದು. ಆದರೆ ಎಳೆಯ ಕಣ್ಣು ಚುರುಕಾಗಿ ಮೊಳೆಯಿಂದ ಗುರಿಗೂ, ಗುರಿಯಿಂದ ಮೊಳೆಗೂ ಓಡಾಡಿ, ಎಲ್ಲವನ್ನೂ ಒಟ್ಟಿಗೆ ಕಂಡೆನೆಂಬ ಭ್ರಮೆಯನ್ನು ತನ್ನೊಡೆಯನಿಗೆ ಹುಟ್ಟಿಸುತ್ತದೆ. ನಲವತ್ತರ ಮೇಲೆ ಆ ಓಡಾಟ ನಿಧಾನವಾಗುತ್ತದೆ, ಭ್ರಮೆ ಕಳಚುತ್ತದೆ. ಹೀಗೆ ನೋಡಿದರೆ, ಮುಪ್ಪು ಹೊಸದೊಂದು ಕಷ್ಟವನ್ನು ತಂದುದಲ್ಲ. ಗುರಿಸಾಧನದಲ್ಲಿ ಮೊದಲಿನಿಂದಲೂ ಅಡಗಿದ್ದ ಕಷ್ಟವನ್ನು ಬಯಲಿಗೆಳೆಯಿತು.

ಕಣ್ಣಿನ ಈ ಓಡಾಟದ ಗುಟ್ಟನ್ನು ತಿಳಿಯಲು ವಿಜ್ಞಾನಿಗಳಿಗೆ ಎರಡೂವರೆ ಶತಮಾನ ಹಿಡಿಯಿತು. ನೋಟದ ಬಿಂಬ ಮೂಡುವುದು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಎಂಬುದನ್ನು 1604ರಲ್ಲಿ ಕೆಪ್ಲರ್ ವಿವರಿಸಿದ. ದೂರಕ್ಕೆ ತಕ್ಕಂತೆ ಕಣ್ಣು ತನ್ನನ್ನು ತಿದ್ದಿಕೊಳ್ಳುತ್ತದೆಂಬುದನ್ನು 1619ರಲ್ಲಿ ಷೈನರ್ ಎಂಬ ಪಾದ್ರಿ, ಒಂದು ರಟ್ಟು ಮತ್ತು ಎರಡು ಸೂಜಿರಂಧ್ರಗಳ ಸಹಾಯದಿಂದ ತೋರಿಸಿದ. ಬದಲಾಗುವುದು ಕಣ್ಣಿನೊಳಗಿನ ಮಸೂರವೇ ಹೊರತು ಹೊರಗಿನ ಪೊರೆಯಲ್ಲವೆಂದು 1801ರಲ್ಲಿ ತಾಮಸ್ ಯಂಗ್ ತನ್ನ ಕಣ್ಣಿನ ಮೇಲೆಯೇ ಪ್ರಯೋಗ ನಡೆಸಿ ಸ್ಥಾಪಿಸಿದ. ಕೊನೆಗೆ ಹಾಲೆಂಡಿನ ವೈದ್ಯ ಡಾಂಡರ್ಸ್ 1864ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ವಯಸ್ಸಿಗೂ ಈ ಶಕ್ತಿಗೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ಇಟ್ಟ. ಮಸೂರದ ಬಲವನ್ನು ಅಳೆಯುವ ಡಯಾಪ್ಟರ್ ಎಂಬ ಮಾನದಲ್ಲಿ ಹೇಳುವುದಾದರೆ, ಹತ್ತರ ಬಾಲಕನ ಕಣ್ಣಿಗೆ ಸುಮಾರು 14ರಷ್ಟು ಹೊಂದಾಣಿಕೆಯ ಶಕ್ತಿ, ಇಪ್ಪತ್ತಕ್ಕೆ 10, ನಲವತ್ತಕ್ಕೆ 4.5, ಐವತ್ತಕ್ಕೆ 2.5; ಅರುವತ್ತಕ್ಕೆ ಬರೀ 1. ಒಂದು ಮೀಟರು ದೂರದ ಮೊಳೆಯನ್ನು ಸ್ಪಷ್ಟವಾಗಿ ನೋಡಲು ಸರಿಯಾಗಿ 1 ಡಯಾಪ್ಟರ್ ಬೇಕು. ಎಂದರೆ ಅರುವತ್ತರವನು ತನ್ನ ಬೊಕ್ಕಸದಲ್ಲಿರುವ ಕೊನೆಯ ಕಾಸನ್ನೂ ಸುರಿದರೆ ಮಾತ್ರ ಆ ಮೊಳೆ ಕಾಣಬೇಕು. ಹಾಗೆ ಬಹಳ ಹೊತ್ತು ನೋಡುವುದು ಯಾರಿಂದಲೂ ಆಗದು.

ಸೇನೆಗಳಿಗೆ ಇದು ದೊಡ್ಡ ಚಿಂತೆಯಾಗಿರಲಿಲ್ಲ. ಸಿಪಾಯಿಗಳು ಹರೆಯದವರು, ಚಾಳೀಸು ಬರುವ ಹೊತ್ತಿಗೆ ಅವರಿಗೆ ಪಿಂಚಣಿ ಬಂದಿರುತ್ತಿತ್ತು. ಮುಪ್ಪಿನ ಕಣ್ಣಿನ ಪ್ರಶ್ನೆ ಎದ್ದದ್ದು ಗುರಿಹೊಡೆತವನ್ನು ಆಟವೆಂದು ಆಡಿದವರ ನಡುವೆ. 1860ರಲ್ಲಿ ಇಂಗ್ಲೆಂಡಿನ ವಿಂಬಲ್ಡನ್ ಬಯಲಿನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಸ್ಪರ್ಧೆಗಳು ಆರಂಭವಾದವು. ಮೊದಲ ಗುಂಡನ್ನು ವಿಕ್ಟೋರಿಯಾ ರಾಣಿಯಿಂದಲೇ ಹಾರಿಸಿದರು. ಇಂಥ ಆಟದಲ್ಲಿ ದೇಹಬಲಕ್ಕಿಂತ ನಿಶ್ಚಲತೆ, ಉಸಿರಿನ ಹಿಡಿತ, ಗಾಳಿಯ ಅಂದಾಜು, ತಾಳ್ಮೆ ಇವು ಮುಖ್ಯ. ಇವೆಲ್ಲವೂ ವಯಸ್ಸಿನೊಡನೆ ಮಾಗುವ ಗುಣಗಳು. ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬಾತ 1908ರ ಲಂಡನ್ ಒಲಿಂಪಿಕ್ಸಿನಲ್ಲಿ, ಓಡುವ ಜಿಂಕೆಯ ಆಕಾರಕ್ಕೆ ಗುರಿಯಿಡುವ ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ ಅವನಿಗೆ ಅರುವತ್ತು. 1912ರಲ್ಲಿ ಅರುವತ್ತನಾಲ್ಕರಲ್ಲಿ ಮತ್ತೆ ಚಿನ್ನ. 1920ರ ಆಂಟ್‌ವರ್ಪಿನಲ್ಲಿ ತನ್ನ ತಂಡದೊಡನೆ ಬೆಳ್ಳಿಯನ್ನು ಪಡೆದಾಗ ಎಪ್ಪತ್ತೆರಡು. ಎಲ್ಲರೂ ಸ್ವಾನ್ ಆಗಲಾರರು. ಕೈ ಪಳಗಿದೆ, ಮನಸ್ಸು ನಿಂತಿದೆ, ಆದರೆ ಮೊಳೆ ಮಾತ್ರ ಕಾಣುತ್ತಿಲ್ಲ ಎಂಬುದು ಸಾಮಾನ್ಯ ಗುರಿಕಾರನ ಪಾಡು. ಸಂಗೀತಗಾರನಿಗೆ ರಾಗ ಕೈವಶವಾದ ಹೊತ್ತಿಗೆ ಕಂಠ ಕೈಕೊಟ್ಟಂತೆ.

ಇದಕ್ಕೆ ಸಿಕ್ಕಿದ ಮೊದಲ ಪರಿಹಾರ ಗಾಜಲ್ಲ, ಒಂದು ತೂತು. ವಾಚಕರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ರಟ್ಟಿಗೆ ಗುಂಡುಸೂಜಿಯಿಂದ ತೂತು ಮಾಡಿ, ಕನ್ನಡಕವನ್ನು ತೆಗೆದಿಟ್ಟು, ಆ ತೂತಿನ ಮೂಲಕ ಈ ಪತ್ರಿಕೆಯನ್ನೇ ಓದಿ ನೋಡಿ. ಮಸುಕಾಗಿದ್ದ ಅಕ್ಷರ ಸ್ಪಷ್ಟವಾಗುತ್ತದೆ. ಕಾರಣ ಇಷ್ಟೇ. ಬಿಂಬ ಎಷ್ಟು ಹರಡುತ್ತದೆಂಬುದು, ಕಣ್ಣು ಎಷ್ಟು ತಪ್ಪಿ ನಿಂತಿದೆ ಎಂಬುದರ ಜೊತೆಗೆ ಬೆಳಕು ಒಳಗೆ ಬರುವ ಬಾಗಿಲು ಎಷ್ಟು ಅಗಲವಿದೆ ಎಂಬುದನ್ನೂ ಅವಲಂಬಿಸಿದೆ. ನಾಲ್ಕು ಮಿಲಿಮೀಟರಿನ ಪಾಪೆಯ ಮುಂದೆ ಒಂದು ಮಿಲಿಮೀಟರಿನ ತೂತನ್ನು ಇಟ್ಟರೆ ಮಸುಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವಿಂಬಲ್ಡನ್ನಿನ ಹಿರಿಯ ಗುರಿಕಾರರು ಇಂಥ ತೂತಿನ ಬಿಲ್ಲೆಯನ್ನು ಕಣ್ಣಿನ ಮುಂದೆ ಕಟ್ಟಿಕೊಳ್ಳುತ್ತಿದ್ದುದುಂಟು. ಅಮೆರಿಕದ ವಿಲಿಯಂ ಲೈಮನ್ 1879ರಲ್ಲಿ ಪೇಟೆಂಟು ಪಡೆದ ಸಾಧನದಲ್ಲಿ ಕಚ್ಚಿನ ಬದಲು ಕಿಂಡಿಯನ್ನೇ ಕಣ್ಣಿನ ಹತ್ತಿರಕ್ಕೆ ತಂದ. ಇದರಿಂದ ಎರಡು ಲಾಭ. ಕಿಂಡಿಯನ್ನು ಕಣ್ಣು 'ನೋಡಬೇಕಾಗಿಲ್ಲ'. ಅದರ ಮೂಲಕ ನೋಡಿದರೆ ಸಾಕು, ಮೊಳೆ ತಾನಾಗಿ ನಡುವಿಗೆ ಬರುತ್ತದೆ. ಮೂರು ದೂರಗಳಲ್ಲಿ ಒಂದು ಕಳೆದು ಎರಡು ಉಳಿದವು. ಉಳಿದ ಎರಡೂ ಮೊದಲಿಗಿಂತ ಸ್ಪಷ್ಟವಾದವು.

ಸೇನೆಗಳೂ ಕ್ರಮೇಣ ಕಿಂಡಿಯನ್ನು ಒಪ್ಪಿಕೊಂಡವು. 1936ರಲ್ಲಿ ಅಮೆರಿಕದ ಸೇನೆ ಅಂಗೀಕರಿಸಿದ ಗ್ಯಾರಂಡ್ ರೈಫಲಿನಲ್ಲೂ, ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ನಾಲ್ಕನೆಯ ನಂಬರಿನ ಲೀ-ಎನ್‌ಫೀಲ್ಡಿನಲ್ಲೂ ಅದು ಇತ್ತು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾಗಿ, ನಮ್ಮ ದೇಶದ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕುಳಿತಿದ್ದ ತ್ರೀ ನಾಟ್ ತ್ರೀ ಮಾತ್ರ ಹಳೆಯ ಕಚ್ಚನ್ನೇ ಇಟ್ಟುಕೊಂಡಿತು. ನಿವೃತ್ತಿಯ ಹತ್ತಿರ ಬಂದ ಹವಾಲ್ದಾರರಿಗೆ ಆ ಕಚ್ಚು ಕಣ್ಣೆದುರಿಗೆ ಒಂದು ಮಂಜಿನ ಗೆರೆಯಾಗಿ ಕಂಡಿದ್ದರೆ ಅದರಲ್ಲಿ ಅವರ ದೋಷವೇನೂ ಇಲ್ಲ.

ಆದರೆ ತೂತಿನ ವರ ಉಚಿತವಾಗಿ ಬಂದದ್ದಲ್ಲ. ತೂತಿನ ಅಗಲವನ್ನು ಅರ್ಧ ಮಾಡಿದರೆ ಒಳಬರುವ ಬೆಳಕು ಕಾಲುಭಾಗವಾಗುತ್ತದೆ. ಮುಪ್ಪಿನ ಕಣ್ಣಿಗಾದರೋ ಬೆಳಕಿನ ಬಡತನ ಮೊದಲೇ ಇದೆ: ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ, ಇಪ್ಪತ್ತರ ಕಣ್ಣಿನ ಒಳಪಟಲಕ್ಕೆ ತಲಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರುವತ್ತರ ಕಣ್ಣಿಗೆ ದಕ್ಕುತ್ತದೆ. ತೂತು ಇನ್ನೂ ಕಿರಿದಾದರೆ ಮತ್ತೊಂದು ತೊಡಕು. ಬೆಳಕು ಅಂಚಿನಲ್ಲಿ ಬಾಗಿ ತಾನೇ ಹರಡತೊಡಗುತ್ತದೆ. ವಿವರ್ತನೆಯೆಂದು ಇದಕ್ಕೆ ಹೆಸರು. ಒಂದು ಮಿಲಿಮೀಟರಿಗಿಂತ ಕೆಳಗಿಳಿದಷ್ಟೂ ಈ ಹರಡುವಿಕೆ ಮಿಕ್ಕ ಲಾಭವನ್ನು ನುಂಗುತ್ತದೆ. ಉರಿಬಿಸಿಲಿನಲ್ಲಿ ವರವಾದ ಕಿಂಡಿ ಮುಸ್ಸಂಜೆಯಲ್ಲಿ ಶಾಪ. ಯಾರಿಗೆ ಅದು ಹೆಚ್ಚು ಬೇಕೋ ಅವರೇ ಅದಕ್ಕೆ ಹೆಚ್ಚಿನ ಬೆಲೆ ತೆರಬೇಕಾಯಿತು.

ಎರಡನೆಯ ದಾರಿ ದೂರದರ್ಶಕ. ಅಮೆರಿಕದಲ್ಲಿ 1840ರ ದಶಕದಲ್ಲಿಯೇ ಕೋವಿಯುದ್ದದ ಹಿತ್ತಾಳೆ ದುರ್ಬೀನುಗಳನ್ನು ನಳಿಗೆಗೆ ಕಟ್ಟಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯದ ಅಧಿಕಾರಿಯಾಗಿದ್ದ ಡೇವಿಡ್‌ಸನ್ ರೂಪಿಸಿದ ದುರ್ಬೀನು, ಅಮೆರಿಕದ ಅಂತರ್ಯುದ್ಧದಲ್ಲಿ ವಿಟ್‌ವರ್ತ್ ರೈಫಲುಗಳ ಮೇಲೆ ಕುಳಿತಿತು. ದೂರದರ್ಶಕದಲ್ಲಿ ಗುರಿಯ ಬಿಂಬವೂ ಅಡ್ಡನೂಲಿನ ಗುರುತೂ ಒಂದೇ ದೂರದಲ್ಲಿ ಕಾಣುವುದರಿಂದ ಕಣ್ಣಿಗೆ ಓಡಾಟವೇ ಇಲ್ಲ. ಆದರೆ ಅದು ಭಾರ, ದುಬಾರಿ, ಪೆಟ್ಟು ತಾಳದು. ಮೊದಲ ಮಹಾಯುದ್ಧದಲ್ಲಿ ದುರ್ಬೀನುಗಳು ಸಾಕಾಗದೆ ಹೋದಾಗ ಬ್ರಿಟಿಷರು 1915ರಲ್ಲಿ ಒಂದು ನಡುದಾರಿ ಹಿಡಿದರು. ಗೆಲಿಲಿಯೋನ ದುರ್ಬೀನಿನಲ್ಲಿ ಮುಂದೊಂದು ಉಬ್ಬುಗಾಜು, ಹಿಂದೊಂದು ತಗ್ಗುಗಾಜು ಇರುತ್ತವಷ್ಟೆ? ನಡುವಿನ ಕೊಳವೆಯನ್ನು ಬಿಟ್ಟು, ಉಬ್ಬುಗಾಜನ್ನು ಮುಂದಿನ ಮೊಳೆಯ ಬಳಿ, ತಗ್ಗುಗಾಜನ್ನು ಹಿಂದಿನ ಕಿಂಡಿಯಲ್ಲಿ ಕೂರಿಸಿದರು. ಲ್ಯಾಟಿ, ನೀಲ್, ಮಾರ್ಟಿನ್ ಎಂಬ ಹೆಸರುಗಳಲ್ಲಿ ಇವು ಕಂದಕಗಳಿಗೆ ಹೋದವು. ನೋಟದ ಹರವು ತೀರ ಕಿರಿದು. ಮಳೆಗೆ, ಕೆಸರಿಗೆ ಗಾಜು ಮುಚ್ಚಿಹೋಗುತ್ತಿತ್ತು. ಹೆಚ್ಚು ಕಾಲ ಬಾಳಲಿಲ್ಲ. ಕಬ್ಬಿಣದ ಗುರಿಸಾಧನಕ್ಕೇ ಗಾಜನ್ನು ಕೂಡಿಸಬಹುದೆಂಬ ವಿಚಾರ ಮಾತ್ರ ಉಳಿಯಿತು.

ಮೂರನೆಯ ದಾರಿಯನ್ನು ತೋರಿಸಿದವನು ಖಗೋಳಯಂತ್ರಗಳ ಶಿಲ್ಪಿ. ಐರ್ಲೆಂಡಿನ ಡಬ್ಲಿನ್ನಿನ ಸರ್ ಹೊವರ್ಡ್ ಗ್ರಬ್ ದೊಡ್ಡ ದೊಡ್ಡ ದೂರದರ್ಶಕಗಳನ್ನು ಕಟ್ಟಿ ಪ್ರಸಿದ್ಧನಾದವನು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕವೂ ಅವನ ಕಾರ್ಖಾನೆಯದೇ. 1900ರಲ್ಲಿ ಅವನು ಕೋವಿಯ ಕಡೆಗೆ ಕಣ್ಣು ಹೊರಳಿಸಿದ. ಬೇರೆ ಬೇರೆ ದೂರದ ವಸ್ತುಗಳನ್ನು ಒಟ್ಟಿಗೆ ನೋಡೆಂದು ಕಣ್ಣನ್ನು ಕೇಳುವುದೇ ತಪ್ಪು ಎಂಬುದು ಅವನ ತರ್ಕ. ಒಂದು ಗುರುತನ್ನು ಮಸೂರದ ನಾಭಿಯಲ್ಲಿಟ್ಟು, ಅದರ ಬಿಂಬವನ್ನು ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಪ್ರತಿಫಲಿಸಿದರೆ, ಆ ಗುರುತು ಅನಂತದೂರದಲ್ಲಿ ತೇಲುವಂತೆ ಕಾಣುತ್ತದೆ. ಗುರಿಯೂ ಗುರುತೂ ಒಂದೇ ದೂರದಲ್ಲಿ. ವಿಶ್ರಾಂತವಾದ ಕಣ್ಣಿಗೆ, ಎಂದರೆ ಮುದುಕನ ಕಣ್ಣಿಗೂ, ಎರಡೂ ಸ್ಪಷ್ಟ. ಈ ಉಪಾಯ 1918ರಲ್ಲಿ ಜರ್ಮನ್ ವಿಮಾನಗಳಿಗೆ ಏರಿತು. ಎರಡನೆಯ ಮಹಾಯುದ್ಧದಲ್ಲಿ ಎಲ್ಲ ದೇಶಗಳ ಯುದ್ಧವಿಮಾನಗಳಲ್ಲೂ ನೆಲಸಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಎಂಬ ಕಂಪನಿಯು ಅದನ್ನು ಕೆಂಪು ಚುಕ್ಕೆಯಾಗಿ ಕೈಕೋವಿಗೆ ತಂದಿತು.

ಹಾಗಾದರೆ ಕಬ್ಬಿಣದ ಮೊಳೆಯ ಕಾಲ ಮುಗಿಯಿತೆ? ಮುಗಿಯಲಿಲ್ಲ. ಅದಕ್ಕೆ ಬ್ಯಾಟರಿ ಬೇಡ, ಬಿದ್ದರೆ ಒಡೆಯದು, ಬೆಲೆ ಅಲ್ಪ. ಮೇಲಾಗಿ ಅನೇಕ ಸ್ಪರ್ಧೆಗಳ ನಿಯಮ ಅದನ್ನೇ ಕೇಳುತ್ತದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರಿನ ಏರ್ ರೈಫಲಿನಲ್ಲಿ ಚಿನ್ನ ಗೆದ್ದದ್ದು ಹಿಂದೊಂದು ಕಿಂಡಿ, ಮುಂದೊಂದು ಬಳೆಯುಳ್ಳ ಸಾಧನದಿಂದಲೇ, ದೂರದರ್ಶಕದಿಂದಲ್ಲ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು. ಅಮೆರಿಕದ ಸೈನಿಕ ರೈಫಲುಗಳ ಸ್ಪರ್ಧೆಗಳಲ್ಲಿ 4.5 ಪಟ್ಟಿನವರೆಗಿನ ದೂರದರ್ಶಕಕ್ಕೆ ಒಪ್ಪಿಗೆ ದೊರೆತದ್ದು 2016ರಲ್ಲಿ. ಅಲ್ಲಿಯತನಕ ಐವತ್ತು, ಅರುವತ್ತು ದಾಟಿದವರೂ ಕಿಂಡಿಯೊಡನೆಯೇ ಹೆಣಗಬೇಕಾಗಿತ್ತು. ನಮ್ಮ ಕೊಡಗನ್ನು ಮರೆಯಬಾರದು. ಅಲ್ಲಿ ಕೋವಿ ಬರಿಯ ಆಯುಧವಲ್ಲ, ಮನೆತನದ ಸೊತ್ತು. ಶಸ್ತ್ರ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸಿ, ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅಜ್ಜಂದಿರ ಕೋವಿ ಮೊಮ್ಮಕ್ಕಳಿಗೆ ಬರುವ ಆ ಮನೆಗಳಲ್ಲಿ, ಅಜ್ಜನಿಗೂ ಕಾಯಿ ಕಾಣಬೇಕಲ್ಲವೆ?

ಇಂಥವರಿಗೆ ಅತ್ಯಂತ ಸರಳವಾದ ನೆರವು ಅರ್ಧ ಡಯಾಪ್ಟರಿನ ಒಂದು ಉಬ್ಬುಗಾಜು. ಇದರ ಲೆಕ್ಕ ಬಹಳ ಸೊಗಸಾಗಿದೆ. ದೂರದ ಗುರಿಗೆ ಸೊನ್ನೆ ಡಯಾಪ್ಟರ್ ಬೇಕು. ಒಂದು ಮೀಟರಿನ ಮೊಳೆಗೆ 1. ಎರಡರ ನಡುವೆ, ಅರ್ಧದಲ್ಲಿ, ಕಣ್ಣನ್ನು ನಿಲ್ಲಿಸಿದರೆ ನೋಟ ನೆಲೆಸುವುದು ಎರಡು ಮೀಟರು ದೂರದ ಬರಿಯ ಗಾಳಿಯಲ್ಲಿ. ಅಲ್ಲಿ ನೋಡಲು ಏನೂ ಇಲ್ಲ. ಆದರೆ ಅಲ್ಲಿ ನಿಂತ ಕಣ್ಣಿಗೆ ಮೊಳೆಯೂ ಗುರಿಯೂ ಸಮನಾಗಿ, ಅರ್ಧರ್ಧ ಡಯಾಪ್ಟರಿನಷ್ಟೇ ಮಸುಕು. ಆ ಅಲ್ಪ ಮಸುಕನ್ನು ಅಳಿಸಲು ತೀರ ಕಿರಿದಾದ ತೂತು ಬೇಡ; ಸಾಧಾರಣ ಕಿಂಡಿ ಸಾಕು. ಬೆಳಕೂ ಉಳಿಯಿತು, ಸ್ಪಷ್ಟತೆಯೂ ಬಂತು. ಓದುವ ಕನ್ನಡಕವನ್ನು ಹಾಕಿಕೊಂಡು ಕೋವಿ ಹಿಡಿಯುವವರು ಗುರಿಯನ್ನೇ ಕಳೆದುಕೊಳ್ಳುವುದು ಈ ಲೆಕ್ಕವನ್ನು ತಿಳಿಯದೆ. ಪುಸ್ತಕದ ದೂರಕ್ಕೆ ಮಾಡಿದ ಗಾಜು ಒಂದು ಗಜದ ಆಚೆಯ ಮೊಳೆಗೆ ಸಲ್ಲದು.

ಇತ್ತೀಚಿನ ಹೊಸ ಉಪಾಯ ಇನ್ನೂ ಸೂಕ್ಷ್ಮವಾದುದು. ತೂತಿನ ಶತ್ರುವಾಗಿದ್ದ ವಿವರ್ತನೆಯನ್ನೇ ಅದು ಸೇವಕನನ್ನಾಗಿ ಮಾಡಿಕೊಂಡಿದೆ. ಬೆಳಕನ್ನು ಅಲೆಯೆಂದು ಬಗೆದು, ಅದನ್ನು ವಲಯ ವಲಯವಾಗಿ ಕೂಡಿಸಿ ಲೆಕ್ಕ ಹಾಕುವ ಕ್ರಮವನ್ನು ಫ್ರಾನ್ಸಿನ ಫ್ರೆನೆಲ್ 1818ರಲ್ಲಿ ಕೊಟ್ಟ. ಒಂದು ಬಿಟ್ಟು ಒಂದು ವಲಯವನ್ನು ಕಪ್ಪಾಗಿಸಿದ ಒಂದು ತಗಡು, ಉಬ್ಬು ಏನೂ ಇಲ್ಲದೆಯೇ ಮಸೂರದಂತೆ ಬೆಳಕನ್ನು ಕೂಡಿಸುತ್ತದೆಂದು ಲಾರ್ಡ್ ರ್‍ಯಾಲೆ 1871ರಲ್ಲಿ ಕಂಡುಕೊಂಡ. 1875ರಲ್ಲಿ ಸೊರೆ ಎಂಬ ಸ್ವಿಸ್ ವಿಜ್ಞಾನಿ ಅದನ್ನು ಪ್ರಕಟಿಸಿದ. ಇದಕ್ಕೆ ವಲಯಫಲಕವೆನ್ನಬಹುದು. ಕಿರಿದಾದ ಕಂಡಿಗಳಲ್ಲಿ ಬೆಳಕು ಆಡುವ ಈ ಆಟ ನಮಗೆ ಪರಕೀಯವಾದುದಲ್ಲ. ಮುಂದೆ ಬೆಂಗಳೂರಿನವರೇ ಆದ ಚಂದ್ರಶೇಖರ ವೆಂಕಟರಾಮನ್ನರು ಹದಿನೆಂಟರ ಹರೆಯದಲ್ಲಿ, 1906ರಲ್ಲಿ, ಪ್ರಕಟಿಸಿದ ಮೊದಲ ಲೇಖನವೇ ಚೌಕಟ್ಟಿನ ಕಂಡಿಯಿಂದಾಗುವ ವಿವರ್ತನೆಯನ್ನು ಕುರಿತದ್ದು.

ಒಂದು ಮೀಟರಿನ ನಾಭಿಯುಳ್ಳ ವಲಯಫಲಕದಲ್ಲಿ ನಡುವಣ ವೃತ್ತದ ತ್ರಿಜ್ಯ ಸುಮಾರು ಮುಕ್ಕಾಲು ಮಿಲಿಮೀಟರು. ಹೊರಹೊರಗಿನ ಉಂಗುರಗಳು ಕಿರಿದಾಗುತ್ತ ಹೋಗುತ್ತವೆ. ಎಂದರೆ ಹಲವು ಉಂಗುರಗಳುಳ್ಳ ಇಡೀ ಫಲಕ ಒಂದು ಸಾಮಾನ್ಯ ಕಿಂಡಿಯೊಳಗೆ ಅಡಗುತ್ತದೆ. ಇಂಥ ಫಲಕದ ಒಂದು ವಿಶೇಷ ಗುಣ ಗಾಜಿನ ಮಸೂರಕ್ಕಿಲ್ಲ. ಗಾಜು ಬಂದ ಬೆಳಕನ್ನೆಲ್ಲ ಒಂದೇ ಕಡೆಗೆ ತಿರುಗಿಸುತ್ತದೆ. ವಲಯಫಲಕವು ಕಾಲುಭಾಗ ಬೆಳಕನ್ನು ತಿರುಗಿಸದೆ ನೇರವಾಗಿ ಬಿಡುತ್ತದೆ, ಹತ್ತನೆಯ ಒಂದು ಭಾಗವನ್ನು ಮಸೂರದಂತೆ ಒಳಕ್ಕೆ ಬಾಗಿಸುತ್ತದೆ. ನೇರ ಬಂದ ಬೆಳಕಿನಲ್ಲಿ ದೂರದ ಗುರಿ ಸ್ಪಷ್ಟ. ಬಾಗಿ ಬಂದ ಬೆಳಕಿನಲ್ಲಿ ಹತ್ತಿರದ ಮೊಳೆ ಸ್ಪಷ್ಟ. ಎಳೆಯ ಕಣ್ಣು ಓಡಾಡಿ ಮಾಡುತ್ತಿದ್ದುದನ್ನು ಈ ಫಲಕ ನಿಂತಲ್ಲೇ ಮಾಡುತ್ತದೆ. ಇಂಥ ಸೂಕ್ಷ್ಮ ಫಲಕಗಳನ್ನು ರೈಫಲಿನ ಹಿಂದಿನ ಕಿಂಡಿಗೆ ಕೂಡಿಸುವ ಪ್ರಯತ್ನಗಳು ಅಮೆರಿಕದಲ್ಲಿ ಈ ಶತಮಾನದಲ್ಲಿ ನಡೆದಿವೆ. ಇಲ್ಲಿಯೂ ಬೆಲೆ ಇದ್ದೇ ಇದೆ. ಅರ್ಧದಷ್ಟು ಬೆಳಕು ಕಪ್ಪು ಉಂಗುರಗಳಿಗೆ ಬಲಿ. ಒಂದು ಬಿಂಬದ ಮೇಲೆ ಇನ್ನೊಂದರ ಮಸುಕು ತೆಳುವಾದ ಮಂಜಿನಂತೆ ಹರಡುತ್ತದೆ. ಕಪ್ಪು ಬಳಿಯುವ ಬದಲು, ಪಾರದರ್ಶಕ ಫಲಕದಲ್ಲಿಯೇ ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲುಗಳನ್ನು ಕೊರೆದರೆ, ಎರಡೂ ಬಿಂಬಗಳಿಗೆ ನೂರಕ್ಕೆ ನಲವತ್ತರಷ್ಟು ಬೆಳಕು ಸಿಗುವಂತೆ ಮಾಡಬಹುದು.

ಈ ಕೊನೆಯ ಮಾತು ನಮ್ಮನ್ನು ಕೋವಿಯಿಂದ ಮತ್ತೆ ಕನ್ನಡಕದ ಕಡೆಗೆ ತರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಗ್ರಬ್ಬನ ತೇಲುವ ಗುರುತನ್ನು ನೋಡುತ್ತ ಹಾರಿದ ಬ್ರಿಟಿಷ್ ವಿಮಾನಿಗಳಲ್ಲಿ ಕೆಲವರ ಕಣ್ಣಿಗೆ, ಗುಂಡು ಬಡಿದು ಒಡೆದ ಮೇಲ್ಗವಚದ ಪರ್ಸ್ಪೆಕ್ಸ್ ಚೂರುಗಳು ನಾಟಿದವು. ಆ ಚೂರುಗಳು ಕಣ್ಣಿನೊಳಗೆ ಉಳಿದರೂ ಕೆರಳಿಕೆ ಉಂಟುಮಾಡದಿರುವುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ತಾಮಸ್ ಆಸ್ಪತ್ರೆಯಲ್ಲಿ, ಪೊರೆ ಬಂದ ಮಸೂರವನ್ನು ತೆಗೆದ ಕಣ್ಣಿಗೆ ಅಂಥ ವಸ್ತುವಿನಿಂದ ಮಾಡಿದ ಕೃತಕ ಮಸೂರವನ್ನು ಮೊದಲ ಬಾರಿಗೆ ಇಟ್ಟರು. 1980ರ ದಶಕದಲ್ಲಿ ಇಂಥ ಮಸೂರಗಳ ಮೇಲೆಯೇ ವಲಯಗಳ ಮೆಟ್ಟಿಲುಗಳನ್ನು ಕೊರೆದು, ಹತ್ತಿರಕ್ಕೂ ದೂರಕ್ಕೂ ಒಂದೇ ಮಸೂರ ಸಾಲುವಂತೆ ಮಾಡಿದರು. ಇಂದು ನಮ್ಮ ಊರುಗಳ ಆಸ್ಪತ್ರೆಗಳಲ್ಲೂ ಪೊರೆಯ ಶಸ್ತ್ರಚಿಕಿತ್ಸೆಗೆ ಹೋದವರನ್ನು, ಒಂದೇ ದೂರದ ಮಸೂರ ಬೇಕೋ ಹಲವು ದೂರದ್ದು ಬೇಕೋ ಎಂದು ಕೇಳುತ್ತಾರೆ. ಕಿಂಡಿಯಲ್ಲಿ ಕೂರುವ ಉಂಗುರಗಳೂ ಕಣ್ಣಿನೊಳಗೆ ಕೂರುವ ಉಂಗುರಗಳೂ ಒಂದೇ ಲೆಕ್ಕದವು.

ಈ ಚರಿತ್ರೆಯ ಉದ್ದಕ್ಕೂ ಕಾಣುವುದೇನೆಂದರೆ, ಯಾವ ಉಪಾಯವೂ ಕಣ್ಣಿಗೆ ಯೌವನವನ್ನು ಹಿಂತಿರುಗಿಸಲಿಲ್ಲ. ತೂತು, ದುರ್ಬೀನು, ತೇಲುವ ಗುರುತು, ಅರ್ಧ ಡಯಾಪ್ಟರಿನ ಗಾಜು, ವಲಯಫಲಕ, ಇವೆಲ್ಲವೂ ಮಾಡಿದ್ದು ಒಂದೇ: ಕಣ್ಣಿನಿಂದ ನಾವು ಕೇಳುತ್ತಿದ್ದ ಕೆಲಸವನ್ನು ಕಡಮೆ ಮಾಡಿದವು. ವಯಸ್ಸಾದವರಿಗೆ ನೆರವಾಗುವ ಬಗೆ ಬೇರೆ ಕಡೆಗಳಲ್ಲಿಯೂ ಬಹುಶಃ ಇದೇ. ಮೆಟ್ಟಿಲಿಗೆ ಕೈಪಿಡಿ ಹಾಕುವವನು ಮುದುಕನ ಮೊಣಕಾಲನ್ನು ಹರೆಯಕ್ಕೆ ತರುವುದಿಲ್ಲ. ಮೆಟ್ಟಿಲನ್ನು ಅವನಿಗೆ ಹೊಂದಿಸುತ್ತಾನೆ. ಅಷ್ಟಾದರೆ, ವರ್ಷಗಳ ಅಭ್ಯಾಸದಿಂದ ಬಂದ ಕೈಯ ಹದವೂ ಮನಸ್ಸಿನ ನಿಲುವೂ ವ್ಯರ್ಥವಾಗದೆ ಉಳಿಯುತ್ತವೆ.

ಕೋವಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ನಮ್ಮಲ್ಲಿ ಶಿಕಾರಿಯ ಕಾಲ ಮುಗಿಯಿತು. ಆದರೂ ಕಾಡಂಚಿನಲ್ಲಿ, ಹಂದಿಯೆಂದು ತಿಳಿದು ಮನುಷ್ಯನಿಗೇ ಈಡು ಬಿದ್ದಿತೆಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಮೊಳೆ ಚೊಕ್ಕವಾಗಿ ಕಂಡು ಗುರಿ ಮಸುಕಾದರೆ ಸ್ಪರ್ಧೆಯಲ್ಲಿ ಹೋಗುವುದು ಒಂದು ಅಂಕ. ಕತ್ತಲಲ್ಲಿ ಹೋಗುವುದು ಒಂದು ಜೀವ. ಆದುದರಿಂದ ಕಿಂಡಿಗೆ ಗಾಜು ಹಾಕಿಸುವ ಮೊದಲು ನಲವತ್ತು ದಾಟಿದ ಕೋವಿಗಾರನು ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಪೊರೆ ಬಂದಿದೆಯೇ ಎಂದು ನೋಡಿಸಿಕೊಳ್ಳುವುದು ಒಳ್ಳೆಯದು. ಸಂಜೆಗತ್ತಲಲ್ಲಿ ಗಾಜು ಕೈಕೊಟ್ಟಾಗ ಕೋವಿಯನ್ನು ಗೋಡೆಗೆ ತೂಗುಹಾಕುವುದು ಇನ್ನೂ ಒಳ್ಳೆಯದು.